ಓಟ ಮತ್ತು ಎಳೆತ: ತೊರವಿಯ ಎರೆನೆಲದಿಂದ ನೋಡಿದ ಗಾಲಿಯ ಚರಿತ್ರೆ

ವಿಜಯಪುರ (ಹಳೆಯ ಬಿಜಾಪುರ) ನಗರದ ಪಶ್ಚಿಮಕ್ಕೆ, ಟಿಕೋಟಾ ಮತ್ತು ಅಥಣಿಗಳ ಕಡೆಗೆ ಹೋಗುವ ದಾರಿಯಲ್ಲಿರುವ ತೊರವಿಯು ಸಾಹಿತ್ಯದ ಓದುಗರಿಗೆ ಕುಮಾರ ವಾಲ್ಮೀಕಿಯ ರಾಮಾಯಣದಿಂದಲೂ, ಇತಿಹಾಸದ ಓದುಗರಿಗೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು 1599ರಲ್ಲಿ ಅದರ ಮಗ್ಗುಲಲ್ಲಿ ಕಟ್ಟಲು ತೊಡಗಿ ಪೂರ್ತಿಗೊಳಿಸಲಾಗದೆ ಹೋದ ನವರಸಪುರದಿಂದಲೂ ಪರಿಚಿತವಾಗಿದೆ. ಅದೇ ನೆಲಕ್ಕೆ ಅಷ್ಟಾಗಿ ಬರವಣಿಗೆಗೆ ಬಾರದ ಇನ್ನೊಂದು ಚರಿತ್ರೆಯೂ ಉಂಟು. ಓಡುವ ಮತ್ತು ಎಳೆಯುವ ಪ್ರಾಣಿಗಳನ್ನೂ ಬಂಡಿಗಳನ್ನೂ ಇಲ್ಲಿಯ ಜನ ಯಾವ ಅಳತೆಯಿಂದ ಅಳೆದರು, ಎಂಥದ್ದಕ್ಕಾಗಿ ವರ್ಷಗಟ್ಟಲೆ ಕಾದರು ಎಂಬುದೇ ಆ ಚರಿತ್ರೆ. ಇಂದು ನಾಡಿನ ಕಾರುಪ್ರಿಯರು ಹಾತೊರೆಯುವ ವಾಹನಗಳಲ್ಲಿ ಒಂದು ಬಗೆಯೆಂದರೆ ಹೆಚ್ಚು ಶಕ್ತಿಯ ಎಂಜಿನ್ ಇರುವ, ನಾಲ್ಕು ಗಾಲಿಗಳಿಗೂ ಆ ಶಕ್ತಿ ಹರಿಯುವ ಚಿಕ್ಕ ಹ್ಯಾಚ್‌ಬ್ಯಾಕ್. ಅಂದರೆ ಹಿಂಬದಿಯಲ್ಲಿ ಪ್ರತ್ಯೇಕ ಡಿಕ್ಕಿಯಿಲ್ಲದೆ, ಮೇಲಕ್ಕೆ ತೆರೆಯುವ ಬಾಗಿಲೇ ಮೈಯ ಕೊನೆಯಾಗಿರುವ ಕಾರು. ಈ ಹಾತೊರೆಯುವಿಕೆ ಹೊಸ ಕಾಲದ ನಗರದ ಯುವಕರ ಹುಚ್ಚೆಂದು ಕಾಣುವುದಾದರೂ, ಅದರ ಒಳಗಿರುವ ಆಸೆ, ಎಂದರೆ ಓಟವೂ ಎಳೆತವೂ ಒಂದೇ ಮೈಯಲ್ಲಿ ಕೂಡಿರಬೇಕೆಂಬ ಆಸೆ, ಎರೆನೆಲದ ಒಕ್ಕಲಿಗೆ ಬಹಳ ಹಳೆಯದು.

ಎರೆಮಣ್ಣಿನ ಸ್ವಭಾವವನ್ನು ತಿಳಿಯದೆ ಈ ಮಾತು ಅರ್ಥವಾಗದು. ಈ ಕಪ್ಪು ಮಣ್ಣಿನಲ್ಲಿ ಜೇಡಿಯ ಅಂಶ ಬಹಳ ಹೆಚ್ಚಾಗಿದ್ದು, ಆ ಜೇಡಿಯು ನೀರು ಕುಡಿದಾಗ ಉಬ್ಬುವ, ಒಣಗಿದಾಗ ಕುಗ್ಗುವ ಜಾತಿಯದಾಗಿರುವುದರಿಂದ, ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಅಗಲದ ಬಿರುಕು ಬಿಡುವ ಹೊಲವೇ ಮಳೆ ಬಿದ್ದ ಮರುಗಳಿಗೆಯಲ್ಲಿ ಅಂಟಿನ ಹಾಗೆ ಕಾಲನ್ನೂ ಗಾಲಿಯನ್ನೂ ಹಿಡಿದುಬಿಡುತ್ತದೆ. ಮಳೆಯ ನೀರನ್ನು ಬಹಳ ದಿನ ಒಡಲಲ್ಲಿ ಇಟ್ಟುಕೊಳ್ಳುವ ಗುಣದಿಂದಲೇ ಡೋಣಿ ನದಿಯ ಸಾಲಿನಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುತ್ತದೆಯಾದರೂ, ಬೆಳೆಯನ್ನು ಊರಿಗೆ ತರುವ ಬಂಡಿಗೆ ಅದೇ ಗುಣ ಶತ್ರು. ಹಸಿ ಎರೆಯಲ್ಲಿ ಗಾಲಿ ತಿರುಗಿದಷ್ಟೂ ಮಣ್ಣು ಹಳಿಗೆ ಮೆತ್ತಿಕೊಂಡು, ಹಳಿಯೆಂದರೆ ಮರದ ಗಾಲಿಯ ಸುತ್ತ ಬಿಗಿದ ಕಬ್ಬಿಣದ ಪಟ್ಟಿ, ಗಾಲಿ ದಪ್ಪವಾಗುತ್ತ, ಭಾರವಾಗುತ್ತ, ಕೊನೆಗೆ ಉರುಳುವುದನ್ನೇ ನಿಲ್ಲಿಸುತ್ತದೆ. ಇಂಥ ನೆಲದಲ್ಲಿ ಬದುಕಿದವರಿಗೆ ವೇಗವೆಂಬುದು ಎಳೆತದ ಹಿಂದಿನಿಂದ ಬರುವ ಗುಣ. ನೆಲವನ್ನು ಕಚ್ಚಿ ಹಿಡಿಯಲಾರದ ಕಾಲು ಎಷ್ಟು ಚುರುಕಾಗಿದ್ದರೂ ಕೆಲಸಕ್ಕೆ ಬಾರದು.

ಆದಿಲ್‌ಶಾಹಿ ಅರಸರು ಈ ನೆಲಕ್ಕೆ ಬಂದಾಗ ಓಟದ ಆಸೆಯನ್ನು ಸಮುದ್ರದ ಆಚೆಯಿಂದ ಪೂರೈಸಿಕೊಂಡರು. ದಖ್ಖನಿನಲ್ಲಿ ಯುದ್ಧಕ್ಕೆ ತಕ್ಕ ಕುದುರೆಗಳು ಹುಟ್ಟುವುದು ಕಡಿಮೆಯಾಗಿದ್ದರಿಂದ, ಅರೇಬಿಯ ಮತ್ತು ಪಾರಸ ದೇಶಗಳಿಂದ ಹಡಗಿನಲ್ಲಿ ತಂದ ಕುದುರೆಗಳನ್ನೇ ವಿಜಯನಗರವೂ ಬಿಜಾಪುರವೂ ನೆಚ್ಚಿದ್ದವು. ಹಡಗುಗಳು ಗಾಳಿಯ ದಿಕ್ಕನ್ನು ನಂಬಿ ಬರುತ್ತಿದ್ದುದರಿಂದ ಮುಂಗಾರು ಮುಗಿಯುವವರೆಗೂ ಕಾಯಬೇಕಿತ್ತು, ದಾರಿಯಲ್ಲಿ ಸತ್ತ ಕುದುರೆಗಳ ನಷ್ಟವೂ ಬದುಕಿದವುಗಳ ಬೆಲೆಗೆ ಸೇರುತ್ತಿತ್ತು. ಆ ಕುದುರೆಗಳು ಇಳಿಯುವ ರೇವಾದ ಗೋವೆಯನ್ನು 1510ರ ನವೆಂಬರಿನಲ್ಲಿ ಪೋರ್ಚುಗೀಸರು ಬಿಜಾಪುರದಿಂದ ಅಂತಿಮವಾಗಿ ಕಿತ್ತುಕೊಂಡಾಗ, ಸುಲ್ತಾನರ ಲಾಯಕ್ಕೆ ಬರುವ ಕುದುರೆಯ ದಾರಿ ಬೇರೊಬ್ಬರ ಕೈಗೆ ಹೋಯಿತು. ದೂರದ ದೇಶದಲ್ಲಿ ತಯಾರಾಗುವ, ಬಂದರಿನಲ್ಲಿ ಸುಂಕ ತೆರಬೇಕಾದ, ಬರುತ್ತದೆಯೋ ಇಲ್ಲವೋ ಎಂಬ ಅನುಮಾನದಲ್ಲೇ ಬೆಲೆ ಏರುವ ವೇಗದ ವಾಹನಕ್ಕಾಗಿ ಕಾಯುವುದು ಈ ಪ್ರದೇಶದಲ್ಲಿ ಐದು ಶತಮಾನಗಳ ಹಿಂದೆಯೇ ರೂಢಿಯಲ್ಲಿತ್ತು.

ನವರಸಪುರವನ್ನು ಕಟ್ಟಿಸಿದ ಇಬ್ರಾಹಿಂನೇ (ಆಳ್ವಿಕೆ 1580–1627) ವಾಹನದ ಮೇಲಿನ ಮಮತೆಗೆ ಇಲ್ಲಿಯ ಅತ್ಯಂತ ಸ್ಪಷ್ಟ ಸಾಕ್ಷಿ. ಸಂಗೀತದ ಕೃತಿಯಾದ ತನ್ನ ಕಿತಾಬ್-ಇ-ನೌರಸ್‌ನಲ್ಲಿ ಅವನು ದೇವತೆಗಳ, ಗುರುಗಳ ಜೊತೆಗೆ ಮೋತಿ ಖಾನ್ ಎಂಬ ತನ್ನ ತಂಬೂರಿಯನ್ನೂ ಆತಿಶ್ ಖಾನ್ ಎಂಬ ತನ್ನ ಆನೆಯನ್ನೂ ಕೊಂಡಾಡಿದ್ದಾನೆ. ಆತಿಶ್ ಎಂದರೆ ಬೆಂಕಿ. ಆನೆಗೆ ಬೆಂಕಿಯ ಹೆಸರಿಟ್ಟು, ವಾದ್ಯಕ್ಕೆ ಮುತ್ತಿನ ಹೆಸರಿಟ್ಟು, ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಅರಸನಿಗೆ ಸವಾರಿಯು ಬರೀ ಪ್ರಯಾಣದ ಸಾಧನವಾಗಿರಲಿಲ್ಲ ಎಂಬುದು ಸ್ಪಷ್ಟ. ನವರಸಪುರದ ಭಾಗ್ಯ ಹೆಚ್ಚು ಕಾಲ ಉಳಿಯಲಿಲ್ಲ. 1624ರಲ್ಲಿ ಅಹಮದ್‌ನಗರದ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು, ಮತ್ತು ಈಗ ಅಲ್ಲಿ ಸಂಗೀತ ಮಹಲಿನಂಥ ಕೆಲವು ಕಟ್ಟಡಗಳೂ ಗೋಡೆಯ ಅವಶೇಷಗಳೂ ನಿಂತಿವೆ.

ಎಳೆತದ ಚರಿತ್ರೆಗೆ ಬಿಜಾಪುರದಲ್ಲಿ ಕುದುರೆಗಿಂತಲೂ ತೂಕದ ಸಾಕ್ಷಿಯಿದೆ. ನಗರದ ಪಶ್ಚಿಮ ಭಾಗದ ಕೋಟೆಗೋಡೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದ್‌ನಗರದಲ್ಲಿ ಎರಕಗೊಂಡದ್ದು. ಸುಮಾರು 55 ಟನ್ ತೂಗುವ ಅದನ್ನು 1632ರಲ್ಲಿ ಪರಾಂಡಾ ಕೋಟೆಯಿಂದ ಯುದ್ಧದ ಗೆಲುವಿನ ಕುರುಹಾಗಿ ಇಲ್ಲಿಗೆ ತರಲಾಯಿತು. 10 ಆನೆಗಳು, 400 ಎತ್ತುಗಳು ಮತ್ತು ನೂರಾರು ಆಳುಗಳು ಸೇರಿ ಅದನ್ನು ಎಳೆದು ತಂದರೆಂದು ಐತಿಹ್ಯ ಹೇಳುತ್ತದೆ. ಈ ಸಂಖ್ಯೆಗಳನ್ನು ಐತಿಹ್ಯವೆಂದೇ ಇಟ್ಟುಕೊಂಡರೂ, ಅವುಗಳ ನಡುವಿನ ಅನುಪಾತ ಗಮನಿಸತಕ್ಕದ್ದು: ಜನರ ನೆನಪು ಎಳೆತದ ಹೆಚ್ಚಿನ ಪಾಲನ್ನು ಹೊರಿಸಿದ್ದು ಆನೆಯ ಮೇಲಲ್ಲ, ಎತ್ತಿನ ಮೇಲೆ. ಒಂದೇ ಕಡೆ ದೊಡ್ಡ ಬಲವನ್ನು ಹಾಕುವುದಕ್ಕಿಂತ ಆ ಬಲವನ್ನು ಹಲವು ಕಾಲುಗಳಿಗೆ ಹಂಚಿ ನೆಲಕ್ಕೆ ಮುಟ್ಟಿಸುವುದು ಮೇಲೆಂಬ ತಿಳಿವಳಿಕೆ ಇದು. ಮುಂದೆ ಮೋಟಾರಿನ ಕಾಲದಲ್ಲಿ ನಾಲ್ಕು ಗಾಲಿಯ ಎಳೆತಕ್ಕೆ ಆಧಾರವಾದದ್ದೂ ಇದೇ.

ಎತ್ತುಗಳ ವಿಷಯದಲ್ಲಿ ಕೃಷ್ಣೆಯ ಕಣಿವೆ ಎರಡು ಬೇರೆ ಬೇರೆ ಆದರ್ಶಗಳನ್ನು ಬೆಳೆಸಿತು. ವಿಜಯಪುರ, ಸೊಲ್ಲಾಪುರ, ಸಾಂಗ್ಲಿ, ಸಾತಾರಾ ಸೀಮೆಗಳ ಖಿಲಾರಿ ತಳಿಯು ಬಿಗಿಯಾದ ಮೈ, ಹಿಂದಕ್ಕೆ ಬಾಗಿ ಮೇಲೇರುವ ಉದ್ದ ಕೊಂಬು, ಬಿಳಿ ಬಣ್ಣ, ಹಾಗೂ ಅಸಾಧಾರಣ ಚುರುಕಿನಿಂದ ಹೆಸರಾದದ್ದು. ಚಕ್ಕಡಿಗೆ ಹೂಡಿದರೆ ಗಾಳಿಯ ಹಾಗೆ ಹೋಗುವ ಎತ್ತು ಅದು. ಇನ್ನೊಂದು ಕೃಷ್ಣಾ ಕಣಿವೆ ತಳಿ. ಸಾಂಗ್ಲಿ, ಮಿರಜ್ ಸೀಮೆಯ ಪಟವರ್ಧನ ಸಂಸ್ಥಾನಿಕರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗೀರ್, ಓಂಗೋಲ್, ಕಾಂಕ್ರೇಜ್ ತಳಿಗಳನ್ನು ಸ್ಥಳೀಯ ದನಗಳ ಜೊತೆ ಕೂಡಿಸಿ ಅದನ್ನು ಬೆಳೆಸಿದ ಉದ್ದೇಶ ಒಂದೇ ಆಗಿತ್ತು: ಅಂಟು ಎರೆಯಲ್ಲಿ ಆಳವಾಗಿ ನೇಗಿಲು ಎಳೆಯಬಲ್ಲ ದೊಡ್ಡ ಮೈಯ ಎತ್ತು ಬೇಕು. ಆ ಎತ್ತು ನಿಧಾನಿ, ಆದರೆ ಹೂತುಹೋಗದು. ಟ್ರ್ಯಾಕ್ಟರ್ ಬಂದ ಮೇಲೆ ಭಾರದ ಎತ್ತಿಗೆ ಕೆಲಸ ತಪ್ಪಿ ಈ ತಳಿಯ ಸಂಖ್ಯೆ ಕುಸಿದಿರುವುದು ಕಣಿವೆಯ ಪಾಲಿಗೆ ನಿಜವಾದ ನಷ್ಟ. ಓಟಕ್ಕೆ ಮೆಚ್ಚುಗೆ ಉಳಿದದ್ದರಿಂದ ಖಿಲಾರಿಗೆ ಅಷ್ಟು ಕಷ್ಟ ಬರಲಿಲ್ಲ. ಓಡುವ ಎತ್ತು ಹೂಳಿನಲ್ಲಿ ಸೋಲುತ್ತದೆ, ಹೂಳು ಗೆಲ್ಲುವ ಎತ್ತು ದಾರಿಯಲ್ಲಿ ಹಿಂದುಳಿಯುತ್ತದೆ. ಎರಡನ್ನೂ ಕೂಡಿಸಿದ ಜೋಡಿ ಸಿಕ್ಕೀತೇ ಎಂದು ಒಕ್ಕಲು ಕಾಯುವುದು ಜಾತ್ರೆಯಿಂದ ಜಾತ್ರೆಗೆ ಮುಂದುವರಿಯುತ್ತದೆ.

ಆ ಜಾತ್ರೆಯೇ ತೊರವಿಯನ್ನು ಈ ಚರಿತ್ರೆಯ ನಡುವೆ ತಂದು ನಿಲ್ಲಿಸುವುದು. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯ ಜಾನುವಾರು ಪೇಟೆ ಇತ್ತೀಚಿನ ವರ್ಷಗಳಲ್ಲಿ ತೊರವಿಯ ಬಳಿಯ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ, ಎಂದರೆ ಎಪಿಎಂಸಿಯ, ಬಯಲಿನಲ್ಲಿ ಕೂಡುತ್ತದೆ. ಅಲ್ಲಿ ಕೊಳ್ಳುವವರಷ್ಟೇ ಅಲ್ಲ, ಕೊಳ್ಳುವ ಶಕ್ತಿಯಿಲ್ಲದೆ ಬರೀ ನೋಡಲು ಬಂದವರೂ ಸಾಲುಸಾಲಾಗಿ ತಿರುಗುತ್ತಾರೆ, ಮತ್ತು ಅವರ ನೋಟ ಅಜ್ಞಾನದ್ದಲ್ಲ. ಹಾಲುಹಲ್ಲಿನ ಹೋರಿಯೋ, ಎರಡು ಹಲ್ಲಿನದೋ, ನಾಲ್ಕು, ಆರು ಹಲ್ಲಿನದೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿದ ಎತ್ತೋ ಎಂಬುದರಿಂದ ವಯಸ್ಸು ತಿಳಿಯುತ್ತದೆ. ಮೈಯ ಸುಳಿಗಳಿಂದ ಶುಭಾಶುಭ, ಗೊರಸಿನ ಕಪ್ಪು ಮತ್ತು ಬಿಗುವಿನಿಂದ ನೆಲದ ಹಿಡಿತ, ಬೆನ್ನಿನ ನೇರದಿಂದ ಎಳೆಯುವ ತಾಕತ್ತು ಗೊತ್ತಾಗುತ್ತವೆ. ವ್ಯಾಪಾರ ಕುದುರಿಸುವ ದಲ್ಲಾಳಿಯು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದರಿಂದ ಸುತ್ತ ನಿಂತವರಿಗೆ ಮೊತ್ತ ತಿಳಿಯದು, ಆದರೆ ಎತ್ತಿನ ಗುಣದೋಷಗಳ ಚರ್ಚೆ ಮಾತ್ರ ಎಲ್ಲರ ಎದುರಿಗೇ ನಡೆಯುತ್ತದೆ. ಒಂದು ವಾಹನದ ಕುರಿತು, ಅದನ್ನು ಹೊಂದದವರೂ ಸೇರಿ, ಇಷ್ಟು ಕೂಲಂಕಷವಾಗಿ ಮಾತನಾಡುವ ಪದ್ಧತಿಯನ್ನು ಆಸಕ್ತರ ಸಂಸ್ಕೃತಿ ಎಂದು ಕರೆಯುವುದಾದರೆ, ಅದು ಇಲ್ಲಿ ಮೋಟಾರಿಗಿಂತ ಹಳೆಯದು.

ಆಟದಲ್ಲಿಯೂ ಎರಡು ಗುಣಗಳಿಗೆ ಎರಡು ಪಂದ್ಯಗಳಿವೆ. ಕಾರಹುಣ್ಣಿಮೆಯಂದು ಸಿಂಗರಿಸಿದ ಎತ್ತುಗಳನ್ನು ಓಡಿಸಿ ಕರಿ ಹರಿಯುವುದು ಓಟದ ಪರೀಕ್ಷೆ. ತೆರಬಂಡಿ ಸ್ಪರ್ಧೆಯಲ್ಲಿ ಗಾಲಿಗಳು ಉರುಳದಂತೆ ಕಟ್ಟಿದ ಬಂಡಿಯನ್ನು ಗೊತ್ತಾದ ಹೊತ್ತಿನೊಳಗೆ ಎಷ್ಟು ದೂರ ಎಳೆದವು ಎಂದು ಅಳೆಯುವುದು ಎಳೆತದ ಪರೀಕ್ಷೆ. ಗಾಲಿಯನ್ನು ಕಟ್ಟಿಬಿಟ್ಟರೆ ಉಳಿಯುವುದು ಗೊರಸು ಮತ್ತು ನೆಲದ ನಡುವಿನ ಲೆಕ್ಕ ಮಾತ್ರ. 2014ರ ಮೇ 7ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ದೇಶದಾದ್ಯಂತ ಎತ್ತಿನ ಓಟಗಳಿಗೆ ತಡೆ ಬಿದ್ದು, ಕರ್ನಾಟಕವು 2017ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, 2023ರ ಮೇ 18ರಂದು ಸಂವಿಧಾನ ಪೀಠವು ಅದನ್ನು ಎತ್ತಿಹಿಡಿಯುವವರೆಗೆ ಈ ಪಂದ್ಯಗಳ ಮೇಲೆ ಅನಿಶ್ಚಯದ ನೆರಳಿತ್ತು. ಜೋಡಿಯ ಹೊಂದಾಣಿಕೆಯ ಒಂದು ಉಪಾಯವನ್ನು ಇಲ್ಲಿ ಹೇಳಲೇಬೇಕು: ಒಂದು ಎತ್ತು ಬಲಿಷ್ಠ, ಇನ್ನೊಂದು ಸೊರಗಿದ್ದಾದರೆ, ನೊಗವನ್ನು ಕಟ್ಟುವ ಜಾಗವನ್ನು ಬಲಿಷ್ಠ ಎತ್ತಿನ ಕಡೆಗೆ ತುಸು ಸರಿಸಿ, ಸೊರಗಿದ್ದಕ್ಕೆ ಉದ್ದದ ತೋಳು ದೊರೆಯುವಂತೆ ಮಾಡಿದರೆ ಭಾರದ ಹೆಚ್ಚಿನ ಪಾಲು ಬಲಿಷ್ಠನ ಹೆಗಲಿಗೆ ಹೋಗುತ್ತದೆ. ಎಂಜಿನಿಯರುಗಳು ಬಲವನ್ನು ಗಾಲಿಗಳ ನಡುವೆ ಹಂಚಲು ಹಲ್ಲುಚಕ್ರಗಳಿಂದ ಮಾಡುವುದನ್ನು ರೈತ ಹಗ್ಗದಿಂದ ಮಾಡುತ್ತಿದ್ದ.

ಮೋಟಾರು ಬಂದಾಗ ಓಟ ಮತ್ತು ಎಳೆತಗಳು ಮತ್ತೆ ಬೇರೆಬೇರೆ ಯಂತ್ರಗಳಾಗಿಯೇ ಬಂದವು. ಎರೆದಾರಿಯಲ್ಲಿ ನಡೆಯಬಲ್ಲದ್ದು ಜೀಪು, ಡಾಂಬರಿನ ಮೇಲೆ ಸುಖವಾದದ್ದು ಕಾರು. 1983ರ ಡಿಸೆಂಬರ್ 14ರಂದು ಮೊದಲ ಗ್ರಾಹಕನ ಕೈಸೇರಿದ ಮಾರುತಿ 800, ದೇಶದ ಸಾಮಾನ್ಯ ಕುಟುಂಬ ಕಂಡ ಮೊದಲ ಹ್ಯಾಚ್‌ಬ್ಯಾಕುಗಳಲ್ಲಿ ಒಂದು. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನಿನ ಆ ಕಾರಿಗಾಗಿ, ಅದು ಕಾರ್ಖಾನೆಯಿಂದ ಹೊರಬೀಳುವ ಮೊದಲೇ ಲಕ್ಷಕ್ಕೂ ಹೆಚ್ಚು ಜನ ಮುಂಗಡ ಕಟ್ಟಿ ಕಾದರು. ಅದರಲ್ಲಿ ಎಂಜಿನ್ ಮುಂದಿದ್ದು ಮುಂದಿನ ಎರಡು ಗಾಲಿಗಳೇ ಕಾರನ್ನು ಎಳೆಯುತ್ತಿದ್ದವು. ಇದನ್ನೇ ಫ್ರಂಟ್-ವೀಲ್ ಡ್ರೈವ್ ಎನ್ನುವುದು. ಎರಡು ವರ್ಷಗಳ ಬಳಿಕ, 1985ರಲ್ಲಿ, ಅದೇ ಕಂಪನಿ ಮಾರುತಿ ಜಿಪ್ಸಿಯನ್ನು ಬಿಟ್ಟಿತು. ಸುಮಾರು ಒಂದು ಲೀಟರಿನ ಚಿಕ್ಕ ಪೆಟ್ರೋಲ್ ಎಂಜಿನ್, ಹಗುರ ಮೈ, ಬೇಕಾದಾಗ ಲಿವರ್ ಹಾಕಿ ನಾಲ್ಕೂ ಗಾಲಿಗೆ ಶಕ್ತಿ ಹರಿಸುವ ವ್ಯವಸ್ಥೆ, ಇವುಗಳಿಂದ ಅದು ಸೈನ್ಯಕ್ಕೂ ಪೊಲೀಸರಿಗೂ ರ‍್ಯಾಲಿಯ ಚಾಲಕರಿಗೂ ಮೂರು ದಶಕ ಅಚ್ಚುಮೆಚ್ಚಾಯಿತು. ಆದರೆ ಅದರ ನಾಲ್ಕು ಗಾಲಿಯ ಎಳೆತ ಕೆಸರಿಗೆ ಮಾತ್ರ ಹೇಳಿಮಾಡಿಸಿದ್ದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಆ ವ್ಯತ್ಯಾಸಕ್ಕೆ ಎಡೆಗೊಡುವ ನಡುವಿನ ಡಿಫರೆನ್ಷಿಯಲ್, ಅಂದರೆ ಎರಡು ಅಚ್ಚುಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಪೆಟ್ಟಿಗೆ, ಅದರಲ್ಲಿ ಇರಲಿಲ್ಲ. ಹೀಗಾಗಿ ಒಣ ಡಾಂಬರಿನಲ್ಲಿ ಲಿವರ್ ಹಾಕಿ ಓಡಿಸಿದರೆ ಯಂತ್ರವೇ ತನ್ನನ್ನು ತಾನು ಬಿಗಿದುಕೊಳ್ಳುತ್ತಿತ್ತು.

ಈ ಗಂಟನ್ನು ಅದಕ್ಕೂ ಮೊದಲೇ ಬಿಡಿಸಿ ಜಗತ್ತಿನ ನೋಟವನ್ನೇ ಬದಲಿಸಿದ್ದು 1980ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ಕಾಣಿಸಿಕೊಂಡ ಆಡಿ ಕ್ವಾಟ್ರೊ. ಫಿನ್‌ಲ್ಯಾಂಡಿನ ಹಿಮದಲ್ಲಿ ನಡೆದ ಪರೀಕ್ಷೆಗಳಲ್ಲಿ, ಕಡಿಮೆ ಶಕ್ತಿಯ ಇಲ್ಟಿಸ್ ಎಂಬ ಸೈನಿಕ ಜೀಪು ಹೆಚ್ಚು ಶಕ್ತಿಯ ಕಾರುಗಳನ್ನು ಹಿಂದಿಕ್ಕಿದ್ದನ್ನು ಕಂಡ ಎಂಜಿನಿಯರ್ ಯೋರ್ಗ್ ಬೆನ್ಸಿಂಗರ್, ಅದೇ ಎಳೆತವನ್ನು ವೇಗದ ಕಾರಿಗೆ ಕೊಡಬೇಕೆಂದು ಪಟ್ಟುಹಿಡಿದ. 1982ರ ಹೊತ್ತಿಗೆ ಕ್ವಾಟ್ರೊ ವಿಶ್ವ ರ‍್ಯಾಲಿಯ ತಯಾರಕರ ಪಟ್ಟ ಗೆದ್ದಿತ್ತು. ಅದು ಎರಡು ಬಾಗಿಲಿನ ಕೂಪೆ. ಚಿಕ್ಕ ಹ್ಯಾಚ್‌ಬ್ಯಾಕಿನಲ್ಲಿ ಅದೇ ಗುಣವನ್ನು ನೆಲೆಗೊಳಿಸಿದ್ದು ಇಟಲಿಯ ಲಾನ್ಸಿಯಾ ಡೆಲ್ಟಾ, ಅದು 1987ರಿಂದ 1992ರವರೆಗೆ ಸತತ ಆರು ವರ್ಷ ಆ ಪಟ್ಟವನ್ನು ಬಿಟ್ಟುಕೊಡಲಿಲ್ಲ. ಆ ಕಾಲದ ನಿಯಮದ ಪ್ರಕಾರ ಪಂದ್ಯಕ್ಕಿಳಿಸುವ ಕಾರಿನ ಮೂಲ ಮಾದರಿಯನ್ನು 5,000 ಸಂಖ್ಯೆಯಲ್ಲಿ ತಯಾರಿಸಬೇಕಿತ್ತು. ಹೋಮೋಲೊಗೇಶನ್ ಎಂದು ಕರೆಯುವ ಈ ಮಾನ್ಯತೆಯ ಷರತ್ತೇ ಪಂದ್ಯದ ಕಾರನ್ನು ಸಾಮಾನ್ಯರ ಗ್ಯಾರೇಜಿಗೆ ತಂದದ್ದು. ನಾಲ್ಕು ಗಾಲಿಯ ವೇಗದ ಹ್ಯಾಚ್‌ಬ್ಯಾಕ್ ಎಂಬ ಜಾತಿ ಹುಟ್ಟಿದ್ದು ಐಷಾರಾಮದಿಂದಲ್ಲ, ಮಣ್ಣು, ಜಲ್ಲಿ ಮತ್ತು ಹಿಮದ ದಾರಿಗಳಿಂದ ಎಂಬುದನ್ನು ಅದರ ಇಂದಿನ ಬೆಲೆ ಮರೆಸಬಾರದು.

ಕನ್ನಡದ ಮಣ್ಣಿನಲ್ಲಿ ಆ ಜಾತಿ ತನ್ನ ನಿಜರೂಪದಲ್ಲಿ ಓಡಿದ್ದು ವಿಜಯಪುರದ ಎರೆಯಲ್ಲಲ್ಲ, ಚಿಕ್ಕಮಗಳೂರಿನ ಕಾಫಿತೋಟಗಳ ಕೆಮ್ಮಣ್ಣಿನಲ್ಲಿ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು 2016 ಮತ್ತು 2017ರಲ್ಲಿ ಅಲ್ಲಿ ನಡೆದಾಗ, ಆ ಎರಡೂ ವರ್ಷ ಹಾಗೂ ಅದಕ್ಕೆ ಮುಂಚೆ 2013ರಲ್ಲಿ ಚಾಂಪಿಯನ್ ಆದ ಗೌರವ್ ಗಿಲ್ ಓಡಿಸಿದ್ದು ಸ್ಕೋಡಾ ಫಾಬಿಯಾ ಆರ್5. ನಮ್ಮ ಬೀದಿಗಳಲ್ಲಿ ಕುಟುಂಬದ ಕಾರೆಂದು ಪರಿಚಿತವಾಗಿದ್ದ ಫಾಬಿಯಾದ ಮೈಯೊಳಗೆ 1.6 ಲೀಟರಿನ ಟರ್ಬೊ ಎಂಜಿನ್ನೂ, ಟರ್ಬೊ ಎಂದರೆ ಹೊಗೆಯ ಒತ್ತಡದಿಂದಲೇ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ, ನಾಲ್ಕು ಗಾಲಿಯ ಎಳೆತವೂ ಸೇರಿದ್ದವು. ತೋಟದ ಬೇಲಿಯ ಆಚೆ ನಿಂತು ನೋಡಿದ ಜನ, ಎರಡು ಗಾಲಿಯ ಎಳೆತದ ಕಾರು ತಿರುವಿನಿಂದ ಹೊರಬರುವಾಗ ಜಲ್ಲಿ ಎರಚುತ್ತ ಹುಡುಕಾಡುವ ಜಾಗದಲ್ಲಿ ಈ ಕಾರು ನೆಲವನ್ನು ಕಚ್ಚಿ ನೆಗೆಯುವ ವ್ಯತ್ಯಾಸವನ್ನು ಪುಸ್ತಕದ ಸಹಾಯವಿಲ್ಲದೆ ಅರಿಯಬಹುದಿತ್ತು. 2019ರಲ್ಲಿ ಗಿಲ್ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮೋಟಾರು ಕ್ರೀಡಾಪಟುವಾದ. ಚಾಲಕನ ಪಕ್ಕದಲ್ಲಿ ಕುಳಿತು ಮುಂದಿನ ತಿರುವುಗಳನ್ನು ಟಿಪ್ಪಣಿಯಿಂದ ಓದಿ ಹೇಳುವ ಸಹಚಾಲಕರಲ್ಲಿ ಕಾಸರಗೋಡಿನ ಮೊಗ್ರಾಲಿನ ಮೂಸಾ ಶರೀಫ್ ರಾಷ್ಟ್ರೀಯ ಪಟ್ಟವನ್ನು ಹಲವು ಸಲ ಗೆದ್ದವರು.

ರ‍್ಯಾಲಿಯಲ್ಲಿ ಕಂಡದ್ದು ಅಂಗಡಿಯಲ್ಲಿ ಸಿಗಲಿಲ್ಲವೇಕೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ತೆರಿಗೆಯ ಪುಸ್ತಕದಲ್ಲಿದೆ. 2006ರ ಕೇಂದ್ರ ಮುಂಗಡಪತ್ರವು ನಾಲ್ಕು ಮೀಟರಿಗಿಂತ ಉದ್ದವಲ್ಲದ, 1,200 ಸಿಸಿ ಮೀರದ ಪೆಟ್ರೋಲ್ ಕಾರುಗಳಿಗೆ ಅಬಕಾರಿ ಸುಂಕವನ್ನು ಇಳಿಸಿದಂದಿನಿಂದ, ಹ್ಯಾಚ್‌ಬ್ಯಾಕ್ ಎಂದರೆ ಅಗ್ಗವಾದ, ಮಿತವ್ಯಯದ ಕಾರು ಎಂಬ ಅರ್ಥ ಗಟ್ಟಿಯಾಯಿತು. ಹಿಂದಿನ ಅಚ್ಚಿಗೂ ಶಕ್ತಿ ಒಯ್ಯುವ ದಂಡ, ಇನ್ನೊಂದು ಡಿಫರೆನ್ಷಿಯಲ್, ಹೆಚ್ಚಿನ ತೂಕ, ಇವೆಲ್ಲ ಆ ಲೆಕ್ಕದಲ್ಲಿ ಕೂಡಲಾರವು. ಹೀಗಾಗಿ ವೇಗದ ಹ್ಯಾಚ್‌ಬ್ಯಾಕ್ ಬಂದಾಗಲೂ ಹೆಚ್ಚಾಗಿ ಹಡಗಿನಲ್ಲಿ, ಎಣಿಕೆಯಷ್ಟೇ ಬಂತು. 2016ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ ಬಂದದ್ದು 99. ಅದೂ ಮುಂದಿನ ಗಾಲಿಯ ಎಳೆತದ್ದು. ವರ್ಷಕ್ಕೆ 2,500 ವಾಹನಗಳವರೆಗೆ ಇಲ್ಲಿಯ ಮಾನ್ಯತೆಯ ಪರೀಕ್ಷೆಯಿಲ್ಲದೆ ತರಬಹುದೆಂದು 2018ರಲ್ಲಿ ಸರ್ಕಾರ ಅವಕಾಶ ಕೊಟ್ಟ ಮೇಲೆ ಬಾಗಿಲು ಕೊಂಚ ಸಡಿಲವಾಯಿತು. 2021ರ ನವೆಂಬರಿನಲ್ಲಿ ಮರ್ಸಿಡಿಸ್-ಎಎಂಜಿ ಎ45 ಎಸ್ ಬಂತು: ಎರಡು ಲೀಟರಿನ ನಾಲ್ಕು ಸಿಲಿಂಡರಿನಿಂದ 421 ಅಶ್ವಶಕ್ತಿ, ನಾಲ್ಕು ಗಾಲಿಯ ಎಳೆತ, ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು 3.9 ಸೆಕೆಂಡು, ಬೆಲೆ 79.50 ಲಕ್ಷ ರೂಪಾಯಿ. ಕಾದವರ ಆಸೆಯನ್ನು ಅದು ಅಕ್ಷರಶಃ ಪೂರೈಸಿತು, ಆದರೆ ಅವರಲ್ಲಿ ಬಹುಪಾಲು ಜನರ ಕೈಗೆ ಎಟುಕದ ಎತ್ತರದಲ್ಲಿ.

ರಾಮನಗರ ಸೀಮೆಯ ಬಿಡದಿಯ ಕಾರ್ಖಾನೆಯ ವಿಷಯದಲ್ಲಿ ಈ ನಿರಾಸೆ ಇನ್ನಷ್ಟು ಹತ್ತಿರದ್ದು. ಅಲ್ಲಿಯ ಟೊಯೊಟಾ ಕಿರ್ಲೋಸ್ಕರ್ 2018ರಿಂದ 2021ರವರೆಗೆ ಯಾರಿಸ್ ಎಂಬ ಸೆಡಾನ್ ಕಾರನ್ನು ಮಾರುತ್ತಿದ್ದಾಗಲೇ, 2020ರಲ್ಲಿ ಜಪಾನಿನಲ್ಲಿ ಅದೇ ಹೆಸರು ಹೊತ್ತ ಜಿಆರ್ ಯಾರಿಸ್ ಹೊರಬಂತು. ವಿಶ್ವ ರ‍್ಯಾಲಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ, ಮೂರು ಸಿಲಿಂಡರಿನ 1.6 ಲೀಟರ್ ಟರ್ಬೊ ಎಂಜಿನ್ನಿನ, ನಾಲ್ಕು ಗಾಲಿಯ ಎಳೆತದ ಹ್ಯಾಚ್‌ಬ್ಯಾಕ್ ಅದು. ಹೆಸರು ಬಿಡದಿಗೆ ಬಂತು, ಆ ಕಾರು ಬರಲಿಲ್ಲ. 2025ರಲ್ಲಿ ಫೋಕ್ಸ್‌ವ್ಯಾಗನ್ನಿನ ಗಾಲ್ಫ್ ಜಿಟಿಐ ಸುಮಾರು 53 ಲಕ್ಷ ರೂಪಾಯಿಗೆ ಬಂದಾಗ ಮೊದಲ ಕಂತಿನ 150 ಕಾರುಗಳನ್ನು ಜನ ಮುಂಗಡ ಕೊಟ್ಟು ಕಾದಿರಿಸಿಬಿಟ್ಟಿದ್ದರು. ಆದರೆ ನಾಲ್ಕು ಗಾಲಿಯ ಎಳೆತ ಇರುವುದು ಅದರ ಒಡಹುಟ್ಟಾದ ಗಾಲ್ಫ್ ಆರ್‌ನಲ್ಲಿ. ಜಿಟಿಐ ಮುಂದಿನ ಎರಡೇ ಗಾಲಿಗಳಿಂದ ಓಡುವಂಥದ್ದು.

1983ರಲ್ಲಿ ಮಾರುತಿಗೆ ಹಣ ಕಟ್ಟಿದವರೂ 2025ರಲ್ಲಿ ಗಾಲ್ಫ್ ಕಾದಿರಿಸಿದವರೂ ವಾಹನವನ್ನು ತಮ್ಮ ನೆಲದಲ್ಲಿ ನಡೆಸಿ ನೋಡುವ ಮೊದಲೇ ಮುಂಗಡ ಕೊಟ್ಟರು, ಅಂಕಿಗಳನ್ನೂ ಚಿತ್ರಗಳನ್ನೂ ನಂಬಿ ಕೊಟ್ಟರು. ಸಂಕ್ರಾಂತಿಯ ತೊರವಿಯಲ್ಲಿ ಹಾಗೆ ನಡೆಯುವುದಿಲ್ಲ. ಟಿಕೋಟಾ, ಬಬಲೇಶ್ವರಗಳ ದ್ರಾಕ್ಷಿತೋಟದವರು ಪಿಕಪ್ ವಾಹನದಿಂದ ಹೋರಿಯನ್ನು ಇಳಿಸಿದ ಕೂಡಲೇ ಕೊಳ್ಳುವವನು ಹಗ್ಗ ಹಿಡಿದು ಅದನ್ನು ಹತ್ತಾರು ಹೆಜ್ಜೆ ನಡೆಸುತ್ತಾನೆ, ತಿರುಗಿಸುತ್ತಾನೆ, ಕಾಲೆತ್ತಿಸಿ ಗೊರಸು ನೋಡುತ್ತಾನೆ, ಮತ್ತೆ ನಡೆಸುತ್ತಾನೆ. ಸುತ್ತ ನಿಂತವರು ಹೋರಿಯ ಮುಖವನ್ನಲ್ಲ, ಅದು ಹೆಜ್ಜೆಯಿಟ್ಟ ಮಣ್ಣನ್ನು ನೋಡುತ್ತಾರೆ. ಟವೆಲ್ಲಿನ ಕೆಳಗೆ ಬೆರಳು ಸೇರುವುದು ಆಮೇಲೆ.